ಐವತ್ತರಲ್ಲಿ ಸೈಕಲ್: ಅವಸರ ಬೇಡ

ಮಗಳು ಹೈಸ್ಕೂಲಿಗೆ ಓಡಿಸಿದ ಸೈಕಲ್ ಕೊಟ್ಟಿಗೆಯಲ್ಲಿ ತುಕ್ಕು ಹಿಡೀತಾ ಇದೆಯೇ? 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಲ್ಲಿ ಒಂದು ನಿಮ್ಮ ಮನೆಯಲ್ಲೂ ಇರಬಹುದು. ಒರೆಸಿ, ಎಣ್ಣೆ ಬಿಡಿ.

"ಈ ವಯಸ್ಸಲ್ಲಿ ಯಾಕೆ, ಜನ ನಗ್ತಾರೆ" ಅನ್ನಬೇಡಿ. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳು ಏರು-ಇಳಿಜಾರು. ನಾವು ಇನ್ನೂ ನಿಧಾನವಾಗಿ ಹೋಗಬೇಕು.

ಬಿಪಿ, ಸಕ್ಕರೆ ಕಾಯಿಲೆ, ಎದೆನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಮೊದಲ ವಾರ ಸಂಘದ ಇಬ್ಬರು ಜೊತೆಯಾಗಿ ಶಾಲೆ ಮೈದಾನದಲ್ಲಿ ದಿನ ಬಿಟ್ಟು ದಿನ ಹತ್ತೇ ನಿಮಿಷ ತುಳಿಯಿರಿ. ಆಮೇಲೆ ವಾರಕ್ಕೆ ಎರಡು-ಮೂರು ನಿಮಿಷ ಹೆಚ್ಚಿಸಿ. ತುಳಿಯುತ್ತಲೇ ಮಾತಾಡಲು ಆಗಬೇಕು. ಮಾತು ತುಂಡಾದರೆ ಜೋರಾಯಿತು ಅಂತ ಅರ್ಥ.

ಉಸಿರು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ, ಮೊಣಕಾಲು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅನೇಕರು ತಪ್ಪುವುದು ಇಲ್ಲೇ. "ಈಗ ಆಯಾಸವೇ ಆಗೋದಿಲ್ಲ" ಎಂದು ಒಂದೇ ಸಲ ದೂರ ಹೋಗಿ ಮರುದಿನ ಮೆಟ್ಟಿಲು ಹತ್ತಲಾರರು. ಸೀಟು ತೀರ ತಗ್ಗಿದ್ದರೂ ಮೊಣಕಾಲು ನೋಯುತ್ತದೆ. ಬ್ಯಾಲೆನ್ಸ್ ಬರುವ ತನಕ ತಗ್ಗಿರಲಿ. ಆಮೇಲೆ, ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರುವಷ್ಟು ಏರಿಸಿ.

ಏರು ಬಂದರೆ ಇಳಿದು ತಳ್ಳಿಕೊಂಡು ಹೋಗಿ, ನಾಚಿಕೆ ಏನಿಲ್ಲ, ಅದೂ ವ್ಯಾಯಾಮವೇ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಹದವಾಗಿ ಹಿಡಿಯಿರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಮಳೆಗಾಲದಲ್ಲಿ ಪಾಚಿಗಟ್ಟಿದ ರಸ್ತೆಗೆ ಸೈಕಲ್ ಇಳಿಸಬೇಡಿ. ನಡಿಗೆ ಮಾತ್ರ ಬಿಡಬೇಡಿ. ಮಳೆ ನಿಂತ ಮೇಲೆ ಮತ್ತೆ ಹತ್ತು ನಿಮಿಷದಿಂದಲೇ ಶುರು ಮಾಡಿ.