ಯುದ್ಧ ನಿಂತರೂ ನಿಲ್ಲದ ಎದೆಬಡಿತ

"ಎದೆ ಡವಡವ ಅನ್ನುತ್ತದೆ ಹಕೀಮ್ ಸಾಹೇಬರೇ, ರಾತ್ರಿ ನಿದ್ದೆಯಿಲ್ಲ." ಹೀಗೆಂದು ಬರುವವರ ಇಸಿಜಿ ಸರಿಯಾಗಿದ್ದರೆ ಮನೆಯವರು, "ಏನೂ ಇಲ್ಲವಂತೆ, ಸುಮ್ಮನೆ ಟೆನ್ಶನ್" ಎಂದು ಕೈತೊಳೆದುಕೊಳ್ಳುತ್ತಾರೆ. ಆದರೆ ಕಾಯಿಲೆ ಇದ್ದೇ ಇರುತ್ತದೆ. ಅದು ಇಸಿಜಿಯಲ್ಲಿ ಕಾಣುವುದಿಲ್ಲ, ಅಷ್ಟೆ.

ನಮ್ಮ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯನ್ನೇ ನೋಡಿ. 1959ರ ನಂತರ ಟಿಬೆಟ್ ತೊರೆದು ಬಂದವರು 1960ರ ದಶಕದ ಆರಂಭದಲ್ಲಿ ಅಲ್ಲಿ ಕಾಡು ಕಡಿದು ನೆಲೆಸಿದರು. ಹುಣಸೂರು ತಾಲೂಕಿನ ಗುರುಪುರದಲ್ಲೂ ಅವರ ಶಿಬಿರವಿದೆ. ಮನೆ, ಜಮೀನು, ಶಾಲೆ ಎಲ್ಲ ಆದವು. ಆದರೆ ಗುಂಡಿನ ಸದ್ದು ಕೇಳಿ, ಹಿಮದಲ್ಲಿ ನಡೆದು, ದಾರಿಯಲ್ಲಿ ತಮ್ಮವರನ್ನು ಕಳೆದುಕೊಂಡವರ ಮನಸ್ಸಿಗೆ ಜಮೀನು ಮದ್ದಾಗದು. ಅವರ ವೈದ್ಯಪದ್ಧತಿ ಇಂಥ ತೊಂದರೆಯನ್ನು 'ಲುಂಗ್', ಅಂದರೆ ವಾಯು ಕೆಟ್ಟದ್ದು ಎನ್ನುತ್ತದೆ. ನಮ್ಮ ಯುನಾನಿಯಲ್ಲಿ ಎದೆಬಡಿತಕ್ಕೆ ಖಫ್‌ಕಾನ್, ಮನಸ್ಸು ಕುಗ್ಗುವುದಕ್ಕೆ ಮಾಲಿಖೂಲಿಯಾ ಎಂಬ ಹೆಸರುಗಳಿವೆ. ಮನಸ್ಸಿನ ನೋವು ದೇಹದಲ್ಲಿ ಕಾಣುತ್ತದೆಂದು ಎರಡೂ ಕಡೆಯ ಹಿರಿಯರು ಅರಿತಿದ್ದರು.

ಇದಕ್ಕೆ ಯುದ್ಧವೇ ಆಗಬೇಕಿಲ್ಲ. ಗಲಭೆ, ರಸ್ತೆ ಅಪಘಾತ, ಎಚ್.ಡಿ. ಕೋಟೆ ಕಾಡಂಚಿನಲ್ಲಿ ಆನೆ ದಾಳಿ, ಯಾವುದಾದರೂ ಸಾಕು. ಸಣ್ಣ ಸದ್ದಿಗೂ ಬೆಚ್ಚುವುದು, ಅದೇ ಕನಸು ಮತ್ತೆ ಮತ್ತೆ ಬೀಳುವುದು, ಆ ದಾರಿಯಲ್ಲೇ ಹೋಗದಿರುವುದು, ವಿನಾಕಾರಣ ಸಿಡುಕುವುದು ಇದರ ಲಕ್ಷಣಗಳು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮಗುವಿಗೆ ಮರಳಿದರೆ ಹೊಡೆಯಬೇಡಿ, ಅದು ಹೆದರಿದೆ. ಒಂದು ತಿಂಗಳಾದರೂ ಇವು ಕಡಿಮೆಯಾಗದಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು.

"ಸಬ್ರ್ ಮಾಡು, ಮರೆತುಬಿಡು" ಎನ್ನುವುದು ನಮ್ಮ ಮನೆಗಳ ರೂಢಿ. ಮಗನನ್ನು ಅಗಲಿದ ಹಝ್ರತ್ ಯಾಕೂಬ್ (ಅ) ಅತ್ತು ಅತ್ತು ದೃಷ್ಟಿ ಕಳೆದುಕೊಂಡರು. ಅವರಿಗೆ ಈಮಾನ್ ಕಡಿಮೆಯಿತ್ತೆಂದು ಯಾರಾದರೂ ಹೇಳುತ್ತಾರೆಯೇ? ನಡೆದದ್ದನ್ನು ಹೇಳು ಎಂದು ಪೀಡಿಸಬೇಡಿ. ಅವರೇ ಹೇಳಿದಾಗ ನಡುವೆ ಬಾಯಿ ಹಾಕದೆ ಕೇಳಿ. ಊಟ, ನಿದ್ದೆ, ಕೆಲಸ ದಿನವೂ ಹೊತ್ತಿಗೆ ಸರಿಯಾಗಿ ನಡೆಯಲಿ. ಯುದ್ಧದ ವಿಡಿಯೋಗಳನ್ನು ಮಕ್ಕಳ ಮುಂದೆ ಹಾಕಬೇಡಿ.

ಖಮೀರಾ ಕೊಡಿ ಎಂದು ಕೇಳುವವರು ಬಹಳ. ಕೊಡುತ್ತೇನೆ, ಆದರೆ ಈ ಕಾಯಿಲೆಗೆ ಅದೊಂದೇ ಸಾಲದು ಎಂದೂ ಹೇಳುತ್ತೇನೆ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ನನ್ನ ಔಷಧಿಗಾಗಿ ನಿಲ್ಲಿಸಬೇಡಿ. ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.