ವೈಫೈ ಎಂದರೇನು? ಸಂಘದಲ್ಲಿ ಬಳಸೋದು ಹೇಗೆ?



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಈಗ ಬ್ಯಾಂಕಿನ ವ್ಯವಹಾರ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಇವೆಲ್ಲ ಮೊಬೈಲಿಗೇ ಬಂದಿವೆ. ಒಬ್ಬೊಬ್ಬರೂ ಬೇರೆ ಬೇರೆ ರೀಚಾರ್ಜ್ ಮಾಡಿಸುವ ಬದಲು, ಸಭೆ ಸೇರುವ ಕೋಣೆಯಲ್ಲಿ ಒಂದೇ ಸಂಪರ್ಕವನ್ನು ಹತ್ತು ಜನ ಹಂಚಿಕೊಳ್ಳಬಹುದೇ? ಹಂಚಿಕೊಳ್ಳಬಹುದು. ವೈಫೈ ಇರೋದೇ ಅದಕ್ಕೆ.

ವೈಫೈ ಅಂದ್ರೆ ಇಂಟರ್ನೆಟ್ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಂಗಲ್ಲ. ಇಂಟರ್ನೆಟ್ ಬರೋದು ಹೆಚ್ಚಾಗಿ ಗಾಜಿನ ಎಳೆಯ ಕೇಬಲ್‌ನಲ್ಲಿ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಈ ಕೇಬಲ್ ಎಳೆಯಲೆಂದೇ ಶುರುವಾಯಿತು. ಕೇಬಲ್ ಗೋಡೆಯವರೆಗೆ ಬರುತ್ತದೆ. ಅಲ್ಲಿಂದ ನಿಮ್ಮ ಕೈಯಲ್ಲಿನ ಫೋನಿಗೆ ರೂಟರ್ ಎಂಬ ಸಣ್ಣ ಡಬ್ಬಿ ರೇಡಿಯೊ ಅಲೆಗಳ ಮೂಲಕ ದಾಟಿಸುತ್ತದೆ. ಕಾಲುವೆಯ ನೀರು ಹೊಲದ ಬದುವಿಗೆ ಬಂದ ಮೇಲೆ ಸಾಲಿಗೆ ಹಾಯಿಸಿದ ಹಾಗೆ. ಆದ್ದರಿಂದ ಫೋನಿನಲ್ಲಿ ವೈಫೈ ಗುರುತು ಪೂರ್ತಿ ಇದ್ದೂ ಏನೂ ತೆರೆಯದಿದ್ದರೆ, ಬಹುತೇಕ ತೊಂದರೆ ಕೇಬಲ್ ಕಡೆಯದು.

ಈ ಅಲೆಗಳು ಹೆಚ್ಚಾಗಿ ಎರಡು ಬಗೆ: 2.4 ಮತ್ತು 5 ಗಿಗಾಹರ್ಟ್ಸ್. 5ರದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ನಮ್ಮ ಮಾಳಿಗೆ ಮನೆಗಳ ಮಣ್ಣಿನ ಗೋಡೆ ಎಷ್ಟು ದಪ್ಪ ಅಂತ ನಿಮಗೇ ಗೊತ್ತು. ಅಂಥಲ್ಲಿ 2.4 ವಾಸಿ. ತಗಡು, ಕಬ್ಬಿಣದ ಬೀರು, ನೀರಿನ ಟಾಕಿ ಇವು ಅಲೆಗಳನ್ನು ತಡೆಯುತ್ತವೆ. ರೂಟರನ್ನು ಮೂಲೆಯಲ್ಲಿ, ಬೀರುವಿನ ಹಿಂದೆ ಇಡದೆ, ಕೋಣೆಯ ನಡುವೆ ಎತ್ತರದಲ್ಲಿ ಇಡಿ. ಕರೆಂಟ್ ಹೋದರೆ ರೂಟರೂ ಹೋಯಿತು. ಅದಕ್ಕೆಂದೇ ಸಣ್ಣ ಬ್ಯಾಟರಿ ಸಿಗುತ್ತದೆ.

ಒಂದೇ ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರದೇ ಮಾತು. ಉಳಿದವರು ಸರದಿ ಕಾಯಬೇಕು. ನಮ್ಮ ಸಭೆಯಲ್ಲಿಯೂ ಹಂಗೇ ಅಲ್ಲವೇ! ಒಬ್ಬರು ಸಿನಿಮಾ ಹಚ್ಚಿ ಕೂತರೆ ಇನ್ನೊಬ್ಬರ ಅರ್ಜಿ ಅರ್ಧಕ್ಕೇ ನಿಲ್ಲಬಹುದು. ಕೆಲಸದ ಹೊತ್ತಿಗೆ ಸಿನಿಮಾ ಬೇಡ ಎಂದು ಮೊದಲೇ ಠರಾವು ಮಾಡಿಕೊಳ್ಳುವುದು ಒಳ್ಳೆಯದು.

2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಆದರೆ ಸಣ್ಣ ಊರಲ್ಲಿ ಗಿಟ್ಟುತ್ತದೋ ಇಲ್ಲವೋ, ಲೆಕ್ಕ ಹಾಕಿಯೇ ಕೈ ಹಾಕಿ.

ಇನ್ನು ಪಾಸ್‌ವರ್ಡ್. ಇದು ಸಂಘದ ಪೆಟ್ಟಿಗೆಯ ಬೀಗ ಇದ್ದಂತೆ. ರೂಟರಿನ ಸೆಟ್ಟಿಂಗ್‌ನಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ; ಹಳೆಯ ಡಬ್ಲ್ಯೂಇಪಿ ಬೀಗ ಮುರಿಯೋದು ಸುಲಭ ಅಂತ 2001ರಲ್ಲೇ ಗೊತ್ತಾಗಿದೆ. ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಬದಲಿಸಿ. ಸಂಘದ ಹೆಸರು, ಊರ ಹೆಸರು ಇಡಬೇಡಿ, ಯಾರಾದರೂ ಊಹಿಸುತ್ತಾರೆ. ಸದಸ್ಯರೊಬ್ಬರು ಸಂಘ ಬಿಟ್ಟರೆ ಮತ್ತೆ ಬದಲಿಸಿ.

ಬಸ್‌ಸ್ಟ್ಯಾಂಡು, ಸ್ಟೇಷನ್ನುಗಳಲ್ಲಿ ಪುಕ್ಕಟೆ ವೈಫೈ ಸಿಕ್ಕರೆ ಸುದ್ದಿ ಓದಿ, ಬ್ಯಾಂಕಿನ ಕೆಲಸ ಬೇಡ. ಅದೇ ಹೆಸರಿಟ್ಟು ಬೇರೆಯವರೂ ಬಲೆ ಬೀಸಬಹುದು. ಹಣ ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.