ಇ-ಮೇಲ್ ಹೊರಹೋಗದಿದ್ದರೆ: ಕಾರಣಗಳು ಮತ್ತು ಪರಿಹಾರ

ಶಿವಮೊಗ್ಗ, ಭದ್ರಾವತಿ ಸುತ್ತಿನ ರೈತರು ಇಂದು ಅಡಿಕೆಯ ಕೊಳೆರೋಗ, ಭತ್ತದ ಬೆಂಕಿರೋಗ ಮುಂತಾದವುಗಳ ಚಿತ್ರಗಳನ್ನು ಮೊಬೈಲಿನಿಂದಲೇ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯಬಹುದು. ಆದರೆ ಅರ್ಜಿ, ಮಣ್ಣು ಪರೀಕ್ಷೆಯ ವರದಿ, ಸಂಘದ ಲೆಕ್ಕಪತ್ರ ಮುಂತಾಗಿ ದಾಖಲೆಯಾಗಿ ಉಳಿಯಬೇಕಾದ ಕಾಗದಗಳಿಗೆ ಇ-ಮೇಲ್ ಬೇಕೇ ಬೇಕು. ಇದಕ್ಕಾಗಿ ಅನೇಕ ಸಂಘಗಳ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಅಥವಾ ಔಟ್‌ಲುಕ್ ತಂತ್ರಾಂಶವಿರುತ್ತದೆ.

ಇಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಯೆಂದರೆ, ಪತ್ರಗಳು ಬರುತ್ತವೆ, ಆದರೆ ಹೋಗುವುದಿಲ್ಲ. ಕಳುಹಿಸಿದವರು ‘ಹೋಯಿತು’ ಎಂದು ನಿಶ್ಚಿಂತರಾಗಿರುತ್ತಾರೆ. ಪತ್ರ ಮಾತ್ರ ಔಟ್‌ಬಾಕ್ಸ್‌ನಲ್ಲಿಯೇ ಉಳಿದಿರುತ್ತದೆ. ಮಳೆ ಬಿಡುವು ಕೊಟ್ಟ ಎರಡು ದಿನಗಳಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಬೇಕಾದ ರೈತನಿಗೆ ಸಲಹೆ ಒಂದು ವಾರ ತಡವಾದರೆ ಪ್ರಯೋಜನವೇನು? ಆದುದರಿಂದ ಈ ದೋಷವನ್ನು ಬೇಗನೆ ಗುರುತಿಸಿ ಸರಿಪಡಿಸುವ ಕ್ರಮವನ್ನು ಪ್ರತಿಯೊಬ್ಬ ವಿಸ್ತರಣಾ ಕಾರ್ಯಕರ್ತನೂ ತಿಳಿದಿರುವುದು ಒಳ್ಳೆಯದು.

ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ

ಭದ್ರಾ ಅಚ್ಚುಕಟ್ಟಿನ ಗದ್ದೆಗೆ ನೀರು ಬರುವ ಕಾಲುವೆ ಒಂದು, ಹೆಚ್ಚಾದ ನೀರು ಹೊರಹೋಗುವ ಬಸಿಗಾಲುವೆ ಇನ್ನೊಂದು. ಕಾಲುವೆಯಲ್ಲಿ ನೀರು ಬರುತ್ತಿದೆಯೆಂದ ಮಾತ್ರಕ್ಕೆ ಬಸಿಗಾಲುವೆ ಸರಿಯಿದೆ ಎನ್ನಲಾಗದು. ಇ-ಮೇಲ್ ಕೂಡ ಹೀಗೆಯೇ. ಪತ್ರ ತರಿಸಿಕೊಳ್ಳುವುದು ಐಮ್ಯಾಪ್ ಅಥವಾ ಪಾಪ್ ಎಂಬ ಪದ್ಧತಿಯಿಂದ. ಕಳುಹಿಸುವುದು ಎಸ್‌ಎಂಟಿಪಿ ಎಂಬ ಬೇರೊಂದು ಪದ್ಧತಿಯಿಂದ. ಈ ಎಸ್‌ಎಂಟಿಪಿ ನಿಯಮಗಳನ್ನು ಅಮೆರಿಕದ ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದರು. ಆಗ ಕಳುಹಿಸುವವರ ಪಾಸ್‌ವರ್ಡ್ ಕೇಳುವ ಏರ್ಪಾಡು ಅದರಲ್ಲಿರಲಿಲ್ಲ. ಅದು 1999ರಲ್ಲಿ ಸೇರಿತು. ಹೀಗಾಗಿ ತಂತ್ರಾಂಶದಲ್ಲಿ ಬರುವ ಮತ್ತು ಹೋಗುವ ಪತ್ರಗಳಿಗೆ ಪ್ರತ್ಯೇಕ ಸೆಟ್ಟಿಂಗ್‌ಗಳಿರುತ್ತವೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಸರಿಯಾಗುವುದಿಲ್ಲ.

ತಪಾಸಣೆಯ ಕ್ರಮ

1. ಮೊದಲು ಔಟ್‌ಬಾಕ್ಸ್ ನೋಡಿ. ಥಂಡರ್‌ಬರ್ಡ್‌ನಲ್ಲಿ ‘ವರ್ಕ್ ಆಫ್‌ಲೈನ್’ ಆಯ್ಕೆಯಾಗಿದ್ದರೆ ಪತ್ರಗಳು ಅಲ್ಲಿಯೇ ನಿಲ್ಲುತ್ತವೆ. ಆಯ್ಕೆ ತೆಗೆದು, ಫೈಲ್ ಪಟ್ಟಿಯಲ್ಲಿರುವ ‘ಸೆಂಡ್ ಅನ್‌ಸೆಂಟ್ ಮೆಸೇಜಸ್’ ಒತ್ತಿ.

2. ಚಿತ್ರವಿಲ್ಲದ, ಒಂದೇ ಸಾಲಿನ ಪತ್ರವನ್ನು ನಿಮ್ಮ ವಿಳಾಸಕ್ಕೇ ಕಳುಹಿಸಿ. ಅದು ಹೋದರೆ ದೋಷವಿರುವುದು ಲಗತ್ತಿನ ಗಾತ್ರದಲ್ಲಿ ಅಥವಾ ಪಡೆಯುವವರ ವಿಳಾಸದಲ್ಲಿ. ಜಿಮೇಲ್‌ನ ಮಿತಿ 25 ಎಂ.ಬಿ. ಲಗತ್ತುಗಳು ಸಾಗುವಾಗ ಅಕ್ಷರರೂಪಕ್ಕೆ ಬದಲಾಗಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತವೆ. ಆದುದರಿಂದ 18 ಎಂ.ಬಿ. ಮೀರದಂತೆ ಚಿತ್ರಗಳನ್ನು ಕಿರಿದುಗೊಳಿಸಿ ಅಥವಾ ಎರಡು ಪತ್ರಗಳಾಗಿ ಹಂಚಿ.

3. ಸಣ್ಣ ಪತ್ರವೂ ಹೋಗದಿದ್ದರೆ ಕಂಪ್ಯೂಟರನ್ನು ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಪುನಃ ಪ್ರಯತ್ನಿಸಿ. ಈಗ ಹೋದರೆ ದೋಷ ಕಚೇರಿಯ ಸಂಪರ್ಕದಲ್ಲಿದೆ ಎಂದು ತಿಳಿಯಬೇಕು.

4. ಪೋರ್ಟ್ ಪರೀಕ್ಷಿಸಿ. ಪೋರ್ಟ್ ಎಂಬುದು ಕೆರೆಯ ತೂಬಿನಂತೆ. ಹಳೆಯ 25ನೇ ಪೋರ್ಟನ್ನು ಅನಗತ್ಯ ಪತ್ರಗಳ ಹಾವಳಿ ತಡೆಯಲು ಅನೇಕ ಅಂತರ್ಜಾಲ ಸಂಸ್ಥೆಗಳು ಮುಚ್ಚಿವೆ. ಅಕೌಂಟ್ ಸೆಟ್ಟಿಂಗ್ಸ್‌ನ ‘ಔಟ್‌ಗೋಯಿಂಗ್ ಸರ್ವರ್’ ಭಾಗದಲ್ಲಿ 587 ಇದ್ದರೆ ಜೊತೆಗೆ ‘ಸ್ಟಾರ್ಟ್ ಟಿಎಲ್‌ಎಸ್’, 465 ಇದ್ದರೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಇರಬೇಕು. ಜಿಮೇಲ್‌ಗೆ ಇವೆರಡರಲ್ಲಿ ಯಾವುದಾದರೂ ಆಗುತ್ತದೆ. ಜೋಡಿ ತಪ್ಪಿದರೆ ಪತ್ರ ಹೋಗದು.

5. ಪಾಸ್‌ವರ್ಡ್ ಕ್ರಮ ನೋಡಿ. ಗೂಗಲ್ ಸಂಸ್ಥೆಯು 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಹೊರಗಿನ ತಂತ್ರಾಂಶಗಳಲ್ಲಿ ಖಾತೆಯ ಸಾಮಾನ್ಯ ಪಾಸ್‌ವರ್ಡ್ ಬಳಸುವುದನ್ನು ನಿಲ್ಲಿಸುವ ಕ್ರಮ ಕೈಗೊಂಡಿತು. ಬರುವ ಪತ್ರಗಳಿಗೆ ‘ಓಆತ್2’ ಕ್ರಮ ಆರಿಸಿ, ಹೋಗುವ ಪತ್ರಗಳಿಗೆ ಹಳೆಯ ‘ನಾರ್ಮಲ್ ಪಾಸ್‌ವರ್ಡ್’ ಹಾಗೆಯೇ ಬಿಟ್ಟಿದ್ದರೆ ಪತ್ರಗಳು ಬರುತ್ತವೆ, ಹೋಗುವುದಿಲ್ಲ. ಎರಡೂ ಕಡೆ ‘ಓಆತ್2’ ಆರಿಸಿ.

6. ಕಂಪ್ಯೂಟರಿನ ದಿನಾಂಕ ನೋಡಿ. ಹಳೆಯ ಕಂಪ್ಯೂಟರಿನೊಳಗಿನ ಪುಟ್ಟ ಬ್ಯಾಟರಿ ಸತ್ತರೆ, ಕರೆಂಟ್ ಹೋಗಿ ಬಂದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಬಹುದು. ಆಗ ಸರ್ವರಿನ ಭದ್ರತಾ ಪ್ರಮಾಣಪತ್ರ ಸಿಂಧುವಲ್ಲವೆಂದು ತೋರಿ ಸಂಪರ್ಕ ಕಡಿಯುತ್ತದೆ. ಈ ದೋಷದಲ್ಲಿ ಬರುವ ಪತ್ರಗಳೂ ನಿಲ್ಲುವುದುಂಟು.

ದೋಷಸಂಖ್ಯೆಗಳ ಅರ್ಥ

ಪರದೆಯಲ್ಲಿ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 4ರಿಂದ ಆರಂಭವಾದರೆ ತಾತ್ಕಾಲಿಕ ತೊಂದರೆ. ಸ್ವಲ್ಪ ಹೊತ್ತು ಬಿಟ್ಟು ಕಳುಹಿಸಬಹುದು. 5ರಿಂದ ಆರಂಭವಾದರೆ ಕಾರಣ ಸರಿಪಡಿಸದೆ ಮತ್ತೆ ಮತ್ತೆ ಕಳುಹಿಸಿ ಫಲವಿಲ್ಲ. 535 ಎಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 550 ಬಂದರೆ ಪಡೆಯುವವರ ವಿಳಾಸವನ್ನು ಮೊದಲು ನೋಡಿ. 552 ಎಂದರೆ ಗಾತ್ರ ಅಥವಾ ಸ್ಥಳದ ಮಿತಿ ಮೀರಿದೆ. ‘ಪತ್ರ ಹೋಗಿದೆ, ಆದರೆ ಪ್ರತಿಯನ್ನು ಸೆಂಟ್ ಫೋಲ್ಡರಿನಲ್ಲಿ ಇಡಲಾಗಲಿಲ್ಲ’ ಎಂಬರ್ಥದ ಸೂಚನೆ ಬಂದರೆ ಪತ್ರ ತಲುಪುವ ದಾರಿ ಹಿಡಿದಿದೆ, ಪುನಃ ಕಳುಹಿಸಬೇಕಾಗಿಲ್ಲ.

ಗಮನಿಸಬೇಕಾದ ಅಂಶಗಳು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ನಂತರ ಮುಂದಿನದಕ್ಕೆ ಹೋಗಿ. ಬೆಳೆ ಹಳದಿಯಾಯಿತೆಂದು ಸಾರಜನಕ, ಸತು, ಕಬ್ಬಿಣ ಎಲ್ಲವನ್ನೂ ಒಟ್ಟಿಗೆ ಸುರಿದರೆ ಯಾವುದರ ಕೊರತೆಯಿತ್ತೆಂದು ತಿಳಿಯುವುದೇ ಇಲ್ಲ. ಸೆಟ್ಟಿಂಗ್‌ಗಳ ವಿಷಯವೂ ಅಷ್ಟೇ. ಬದಲಿಸುವ ಮುನ್ನ ಹಳೆಯ ವಿವರಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ದೂರವಾಣಿಯಲ್ಲಿ ಯಾರೇ ಕೇಳಿದರೂ ಪಾಸ್‌ವರ್ಡ್ ಹೇಳಬಾರದು.

ಗಡುವಿರುವ ಕೆಲಸಕ್ಕೆ ಇ-ಮೇಲ್ ಒಂದನ್ನೇ ನಂಬಬೇಡಿ. ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಇಂಥ ಸಂದರ್ಭದಲ್ಲಿ ಮೊದಲು 14447 ಸಹಾಯವಾಣಿಗೆ ಕರೆ ಮಾಡಿ, ಅನಂತರ ಪತ್ರ ಕಳುಹಿಸಿ. ಯಾವುದೇ ಮುಖ್ಯ ಪತ್ರ ಕಳುಹಿಸಿದ ದಿನವೇ ಔಟ್‌ಬಾಕ್ಸ್ ಬರಿದಾಗಿದೆಯೇ, ಸೆಂಟ್ ಫೋಲ್ಡರಿನಲ್ಲಿ ಪ್ರತಿ ಇದೆಯೇ, ಹಿಂದಿರುಗಿದ ಪತ್ರವೇನಾದರೂ ಬಂದಿದೆಯೇ ಎಂದು ನೋಡುವ ಅಭ್ಯಾಸವಿಟ್ಟುಕೊಂಡರೆ ಮುಂದಾಗುವ ನಷ್ಟ ತಪ್ಪುತ್ತದೆ.